ಬೀಗದ ಕೈ ಕೊಟ್ಟು ಕಾಶಿಗೆ

ಹೊಯ್ಸಳ ದೊರೆ ಮೂರನೆಯ ನರಸಿಂಹ 1279ರಲ್ಲಿ ಹೆಬ್ಬಾಲೆ ಎಂಬ ಊರಿನ ಹುಟ್ಟುವಳಿಯನ್ನು ಕಾಶಿಯವರಿಗೆಂದು ಬಿಟ್ಟುಕೊಟ್ಟ. ವರ್ಷಕ್ಕೆ 645 ನಿಷ್ಕ. ಅಲ್ಲಿದ್ದ ಕನ್ನಡಿಗರು, ತೆಲುಗರು, ತುಳುವರು, ಮಲೆಯಾಳದವರು, ಗೌಡದೇಶದವರು ತುರುಷ್ಕರಿಗೆ ಕಟ್ಟಬೇಕಿದ್ದ ತೆರಿಗೆಗೆ ಈ ಹಣ. ವಿಶ್ವೇಶ್ವರನ ಸೇವೆಗೂ ಅದರಲ್ಲಿ ಪಾಲು. ಪ್ರೌಢಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಈ ಶಾಸನದ ಪ್ರಸ್ತಾಪ ಬಂದಾಗಲೆಲ್ಲ ಆ ತೆರಿಗೆಯ ಹೊಣೆ ಹೊತ್ತಿದ್ದ ಜನ ಕಣ್ಣಮುಂದೆ ಬರುತ್ತಾರೆ. ಅಷ್ಟು ದೂರ ನಡೆದು ಹೋಗಿ ಅಲ್ಲೇ ಉಳಿದವರು. ಅವರು ಬಿಟ್ಟುಬಂದ ಮನೆ, ಹೊಲ, ಹಟ್ಟಿಯ ದನ ಆಮೇಲೆ ಯಾರ ಕೈಗೆ ಹೋಯಿತು?

ಕಾಶಿಯನ್ನು ಕಣ್ಣಾರೆ ಕಾಣದವರಿಗೂ ಅದು ಗೊತ್ತಿದ್ದ ಊರು. ನಮ್ಮ ಊರೂರ ಕಲ್ಲುಶಾಸನಗಳ ಕೊನೆಯಲ್ಲಿ, ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆಂಬ ಎಚ್ಚರಿಕೆ ಇರುತ್ತದೆ. ಮದುವೆಯಲ್ಲಿ ವರ ಕೊಡೆ, ಕೋಲು ಹಿಡಿದು ಕಾಶಿಗೆಂದು ಹೊರಡುತ್ತಾನೆ. ಹೆಣ್ಣಿನ ಕಡೆಯವರು ಹಿಂದೆ ಹೋಗಿ ಕರೆತರುತ್ತಾರೆ. ಸಂಸಾರ ಶುರುವಾಗುವುದೇ ಕಾಶಿಯ ದಾರಿಯಿಂದ ಹಿಂತಿರುಗಿದ ಮೇಲೆ. ಮಕ್ಕಳು ಬೆಳೆದು, ಮೊಮ್ಮಕ್ಕಳು ಹುಟ್ಟಿದ ಮೇಲೆ ಅದೇ ಗಂಡ ಹೆಂಡತಿ ಜೊತೆಯಾಗಿ ಹೊರಟರೆ ಯಾರೂ ತಡೆಯುತ್ತಿರಲಿಲ್ಲ. ಆಗಿನದು ನಿಜವಾದ ಹೊರಡುವಿಕೆ.

ಆ ದಾರಿ ಎಷ್ಟು ದೀರ್ಘವಾಗಿತ್ತು ಎನ್ನುವುದಕ್ಕೆ ಏನುಗುಲ ವೀರಾಸ್ವಾಮಿಯ ತೆಲುಗು ಬರಹ ಸಾಕ್ಷಿ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಅವರು 1830ರ ಮೇ 18ರಂದು ಮನೆಮಂದಿ, ಆಳುಕಾಳು ಸೇರಿ ಸುಮಾರು ನೂರು ಜನರೊಡನೆ ಹೊರಟರು. ಹೈದರಾಬಾದು, ನಾಗಪುರ, ಜಬಲ್ಪುರದ ಮೇಲೆ ಪ್ರಯಾಗ ಮುಟ್ಟಿ, ಕಾಶಿ, ಗಯೆಗಳನ್ನು ಮುಗಿಸಿ, ಕಲ್ಕತ್ತ ಹಾದು ಮನೆ ಸೇರಿದ್ದು 1831ರ ಸೆಪ್ಟೆಂಬರ್ 3ರಂದು. ಪಲ್ಲಕ್ಕಿ, ಡೇರೆ, ಹಣ ಎಲ್ಲ ಇದ್ದವರಿಗೇ ಹದಿನೈದು ತಿಂಗಳು ಹಿಡಿಯಿತು. ಗಂಟುಮೂಟೆ ಹೊತ್ತು ಕಾಲ್ನಡಿಗೆಯಲ್ಲಿ ಹೋಗುವವರಿಗೆ ಕಾಲರಾ, ಕಳ್ಳಕಾಕರು, ಮಳೆಗಾಲದ ಹೊಳೆಗಳು ಎಲ್ಲವೂ ಎದುರು. ಮರಳಿ ಬರುತ್ತೇವೆಂಬ ಖಾತ್ರಿ ಇರಲಿಲ್ಲ.

ಹಾಗಾಗಿ ಹೊರಡುವ ಮೊದಲೇ ಲೆಕ್ಕ ಚುಕ್ತಾ ಆಗಬೇಕಿತ್ತು. ನಮ್ಮ ಮಾವನವರು ತಮ್ಮ ಹಿರಿಯರ ಬಗ್ಗೆ ಹೇಳುತ್ತಿದ್ದ ಮಾತಿದು: ಕೈಸಾಲ ತೀರಿಸಿ, ಅಡಿಕೆ ತೋಟ ಯಾರಿಗೆ, ಗದ್ದೆ ಯಾರಿಗೆ ಎಂದು ನಾಲ್ಕು ಜನರ ಮುಂದೆ ಹೇಳಿ, ಮನಸ್ತಾಪ ಇದ್ದವರ ಮನೆಗೆ ತಾವೇ ಹೋಗಿ ಮಾತಾಡಿಸಿ ಬರುತ್ತಿದ್ದರಂತೆ. ಅತ್ತೆಯಾದವಳು ಸೆರಗಿನ ಬೀಗದ ಕೈಗೊಂಚಲನ್ನು ಬಿಚ್ಚಿ ಸೊಸೆಗೆ ಕೊಡುತ್ತಿದ್ದಳು. ಊರವರು ತಮ್ಮ ಹೆಸರಿನಲ್ಲಿ ವಿಶ್ವನಾಥನಿಗೆ ಒಪ್ಪಿಸಲು ಚಿಲ್ಲರೆ ಕಾಸು ತಂದುಕೊಟ್ಟು, ಊರ ಗಡಿಯವರೆಗೆ ಬಂದು ಬೀಳ್ಕೊಡುತ್ತಿದ್ದರು.

ಈ ಪದ್ಧತಿಯ ಚಹರೆ ಬದಲಿಸಿದ್ದು ರೈಲು. 1864ರಲ್ಲಿ ಬೆಂಗಳೂರು ಜೋಲಾರಪೇಟೆಗೆ ಕೂಡಿತು. 1870ರಲ್ಲಿ ಬೊಂಬಾಯಿ ಮತ್ತು ಕಲ್ಕತ್ತ ಜಬಲ್ಪುರದ ದಾರಿಯಲ್ಲಿ ಕೂಡಿದವು. ಮರುವರ್ಷ ಬೊಂಬಾಯಿ ಮದರಾಸುಗಳ ಹಳಿ ರಾಯಚೂರಿನಲ್ಲಿ ಸೇರಿತು. 1887ರಲ್ಲಿ ಕಾಶಿಯ ರಾಜಘಾಟದ ಬಳಿ ಗಂಗೆಗೆ ಡಫರಿನ್ ಸೇತುವೆಯಾಯಿತು. ಮೊಗಲ್‌ಸರಾಯಿ ಕಡೆಯಿಂದ ಬಂದವರು ನದಿಯ ಈಚೆಗೇ ಇಳಿಯುವುದು ತಪ್ಪಿ, ಗಾಡಿಯಲ್ಲಿ ಕೂತೇ ಕಾಶಿಯನ್ನು ನೋಡಿದರು. ಕಾಶಿಯಲ್ಲೂ ಕನ್ನಡದವರಿಗೆ ಇಳಿದುಕೊಳ್ಳುವ ಜಾಗಗಳಿದ್ದವು. ವೀರಶೈವರಿಗೆ ಜಂಗಮವಾಡಿ ಮಠ ಬಹು ಹಿಂದಿನಿಂದಲೂ ಆಸರೆ. ಹನುಮಾನ್ ಘಾಟಿನ ಸುತ್ತಮುತ್ತ ದಕ್ಷಿಣದವರ ಬೀದಿಗಳು. ಅಲ್ಲೇ ಹತ್ತಿರ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್.

ರೈಲಿನಿಂದಾಗಿ ಹೋದವರು ಮರಳಿ ಬರತೊಡಗಿದರು. ಬಂದವರ ಕಾಲು ತೊಳೆಯುವುದು, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯನ್ನಿಟ್ಟು ಗಂಗಾಪೂಜೆ, ಊರಿಗೆಲ್ಲ ಕಾಶೀ ಸಮಾರಾಧನೆ, ಮಕ್ಕಳ ಕೈಗೆ ಕಾಶಿದಾರ ಎಲ್ಲವೂ ಮನೆಮನೆಯ ಸಂಭ್ರಮವಾದವು. ಮಾವನವರ ಅಜ್ಜಿ ಶಿವಮೊಗ್ಗೆಯಲ್ಲಿ ರೈಲು ಹತ್ತಿ ಕಾಶಿಗೆ ಹೋಗಿ ಬಂದವರು. ಗಯೆಯ ಅಕ್ಷಯವಟದ ಬುಡದಲ್ಲಿ ಒಂದು ಹಣ್ಣು, ಒಂದು ತರಕಾರಿ ಬಿಡುವ ಪದ್ಧತಿ ಇದೆಯಲ್ಲ, ಅವರು ತಮಗೆ ಬಲು ಇಷ್ಟವಾದ ಹಲಸಿನ ಹಣ್ಣನ್ನೇ ಬಿಟ್ಟರಂತೆ. ತೊಳೆ ಬಿಡಿಸಿ ಮೊಮ್ಮಕ್ಕಳಿಗೆ ಹಂಚುತ್ತಿದ್ದರು, ತಾವು ಮುಟ್ಟುತ್ತಿರಲಿಲ್ಲ. ಕೈಗೊಂಚಲನ್ನೂ ಮರಳಿ ಕೇಳಲಿಲ್ಲ. ಆಮೇಲೆ ಹಲವು ವರ್ಷ ಬದುಕಿದರು. ಕೇಳಿದವರಿಗೆ ಸಲಹೆ ಕೊಡುತ್ತ, ಕೇಳದಿದ್ದಾಗ ಸುಮ್ಮನಿರುತ್ತ ಬದುಕಿದರು ಎಂದು ಮಾವನವರು ಗೌರವದಿಂದ ನೆನೆಯುತ್ತಿದ್ದರು.

ನಮ್ಮ ಮನೆಯವರಿಗೆ ಬೈಪಾಸ್ ಆದಾಗ ನಾನು ಹರಕೆ ಹೊತ್ತಿದ್ದು ವಿಶ್ವನಾಥನಿಗೆ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೈ ಮೇಲೆತ್ತುವ ಹಾಗಿರಲಿಲ್ಲ, ಭಾರ ಎತ್ತುವ ಹಾಗಿರಲಿಲ್ಲ. ಸ್ನಾನ, ಅಂಗಿ ತೊಡಿಸುವುದು, ತಲೆ ಬಾಚುವುದು ಎಲ್ಲ ನನ್ನದೇ. ಮೊದಲು ಪಡಸಾಲೆಯಲ್ಲಿ, ಆಮೇಲೆ ಬೀದಿಯ ತುದಿಯವರೆಗೆ, ಆಮೇಲೆ ಕೆರೆ ಏರಿಯ ಮೇಲೆ ನಡೆದರು. ವೈದ್ಯರು ದೂರ ಪ್ರಯಾಣಕ್ಕೆ ಒಪ್ಪಿದ ಮೇಲೆ ಮಗ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಬರ್ತ್‌ಗಳನ್ನೇ ಕಾದಿರಿಸಿದ. ಹೊರಡುವ ಹಿಂದಿನ ರಾತ್ರಿ ಬೀರುವಿನ ಕೀಲಿ, ಬ್ಯಾಂಕಿನ ಪಾಸ್‌ಬುಕ್ಕು, ದೇವರ ಮನೆಯ ಬೆಳ್ಳಿಯ ಲೆಕ್ಕ ಸೊಸೆಗೆ ಒಪ್ಪಿಸಿದೆ.

ಆ ರೈಲು ಪೆರಂಬೂರಿನ ಮೇಲೆ ಹೋಗುತ್ತದೆ. ಅಲ್ಲಿನ ರೈಲ್ವೆ ಆಸ್ಪತ್ರೆಯಲ್ಲೇ 1975ರಲ್ಲಿ ಡಾ. ಕೆ. ಎಂ. ಚೆರಿಯನ್ ನಮ್ಮ ದೇಶದ ಮೊದಲ ಯಶಸ್ವಿ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿದ್ದು. ಇವರು ಕಿಟಕಿಯತ್ತ ತಿರುಗಿ, "ಈ ಊರಿಗೂ ಒಂದು ನಮಸ್ಕಾರ ಹಾಕಬೇಕು ಕಣೇ" ಎಂದರು. ಇಬ್ಬರೂ ಕೈಮುಗಿದೆವು. ಮುಂದೆ ನಾಗಪುರ, ಜಬಲ್ಪುರ ಬಂದಾಗ ವೀರಾಸ್ವಾಮಿಯ ಪಲ್ಲಕ್ಕಿ ಹೊತ್ತ ಬೋಯಿಗಳು ನೆನಪಾದರು. ಅವರು ತಿಂಗಳುಗಟ್ಟಲೆ ಸವೆಸಿದ ಹಾದಿ ನಮಗೆ ಎರಡು ದಿನದ್ದು.

ಪ್ರಯಾಗದ ತ್ರಿವೇಣಿ ಸಂಗಮದಲ್ಲಿ ಮುತ್ತೈದೆಯರು ವೇಣಿದಾನ ಕೊಡುತ್ತಾರೆ. ಗಂಡ ತನ್ನ ಕೈಯಾರೆ ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ತುದಿ ಕತ್ತರಿಸಿ ಕೊಡಬೇಕು. ಭುಜದವರೆಗೂ ಏಳದಿದ್ದ ಆ ಕೈಗಳು ನನ್ನ ನರೆಗೂದಲನ್ನು ನಿಧಾನವಾಗಿ ಮೂರು ಎಳೆ ಮಾಡಿದವು. ಅಷ್ಟು ಕಾಲ ನಾನು ಮಾಡಿದ ಆರೈಕೆ ನನಗೇ ಮರಳಿ ಬಂತು. ಗಂಗೆಯಲ್ಲಿ ಇವರು ಮುಳುಗಲಿಲ್ಲ. ತಣ್ಣೀರಿನಲ್ಲಿ ಮುಳುಗಬೇಡಿ ಎಂದು ವೈದ್ಯರು ಹೇಳಿದ್ದರು. ಪುರೋಹಿತರು ಒಂದು ತಂಬಿಗೆ ನೀರನ್ನು ಪ್ರೋಕ್ಷಿಸಿ, "ಇಷ್ಟೇ ಸಾಕು, ತಾಯಿ ಒಪ್ಪುತ್ತಾಳೆ" ಎಂದರು. ಕಾಶಿಯಲ್ಲಿ 2021ರ ಡಿಸೆಂಬರಿನಿಂದ ಗಂಗೆಯ ದಡದಿಂದ ವಿಶ್ವನಾಥನವರೆಗೆ ಅಗಲವಾದ ಹಾದಿ ತೆರೆದಿದೆ. 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಗುಡಿಯ ಮುಂದೆ ಇವರು ಏದುಸಿರಿಲ್ಲದೆ ನಿಂತಿದ್ದನ್ನು ನೋಡಿ ನನ್ನ ಹರಕೆ ಸಂದಿತು ಅನ್ನಿಸಿತು.

ಊರಿಗೆ ಬಂದ ದಿನ ಸೊಸೆ ಕೀಲಿ ತಂದು, "ಅತ್ತೆ, ತಗೊಳ್ಳಿ" ಎಂದಳು. "ನಿನ್ನ ಹತ್ತಿರವೇ ಇರಲಿ ಕಣಮ್ಮ" ಎಂದೆ. ನಾವಿಲ್ಲದಾಗ ಹಾಲಿನವನ ಲೆಕ್ಕ, ತೋಟದ ಕೂಲಿ, ಮೊಮ್ಮಗನ ಜ್ವರ ಎಲ್ಲವನ್ನೂ ಅವಳು ನಿಭಾಯಿಸಿದ್ದಳು. ನಮ್ಮ ಹಿರಿಯರು ಕಾಶಿಯಾತ್ರೆಯ ಮೂಲಕ ಸಾಧಿಸಿದ್ದು ಇದನ್ನೇ ಎಂದು ನಾನು ನಂಬಿದ್ದೇನೆ. ಮನೆ ನಡೆಸಲು ಮಕ್ಕಳು ಕಲಿಯಬೇಕಾದರೆ ದೊಡ್ಡವರು ಕೆಲಕಾಲ ಮನೆಯಲ್ಲಿ ಇರಬಾರದು. ಹಿಂದೆ ಸಾವಿನ ಭಯ ಆ ಕೆಲಸ ಮಾಡಿಸುತ್ತಿತ್ತು. ಈಗ ಔಷಧಿ, ರೈಲು ಎರಡೂ ನಮ್ಮನ್ನು ಕ್ಷೇಮವಾಗಿ ಮನೆಗೆ ತಲುಪಿಸುತ್ತವೆ. ಆ ಕೆಲಸವನ್ನು ನಾವೇ ಮನಸ್ಸು ಮಾಡಿ ಮಾಡಬೇಕು.

2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನ ರೈಲು ಶುರುವಾದಾಗ 20,000 ರೂಪಾಯಿ ವೆಚ್ಚದಲ್ಲಿ 5,000ವನ್ನು ರಾಜ್ಯ ಸರ್ಕಾರ ಭರಿಸಿತು. ಹೋಗುವ ಅನುಕೂಲ ಹಿಂದೆಂದಿಗಿಂತ ಹೆಚ್ಚಿದೆ. ಕಾಯಿಲೆಯಿಂದ ಎದ್ದ ತಂದೆತಾಯಿಯನ್ನು ಮಕ್ಕಳು ಕುರ್ಚಿಯಲ್ಲಿ ಕೂರಿಸಿ ಕಾಯುವುದು ಪ್ರೀತಿಯಿಂದಲೇ, ನಿಜ. ಆದರೆ ವೈದ್ಯರು ಹೋಗಬಹುದು ಎಂದ ಮೇಲೆ ಅವರನ್ನು ಧೈರ್ಯವಾಗಿ ಕಳಿಸಿಕೊಡಿ. ನನ್ನ ವಯಸ್ಸಿನವರಲ್ಲಿ ನನ್ನ ವಿನಂತಿ ಇಷ್ಟು: ಕಾಲಲ್ಲಿ ಶಕ್ತಿ ಇರುವಾಗಲೇ ಹೋಗಿ ಬನ್ನಿ, ಬಿಡುವುದಾದರೆ ಹಣ್ಣು ತರಕಾರಿಯ ಜೊತೆಗೆ ಯಜಮಾನಿಕೆಯನ್ನೂ ಬಿಟ್ಟು ಬನ್ನಿ. ಆಮೇಲೆ ಸಿಗುವ ವರ್ಷಗಳು ಹಗುರವಾಗಿರುತ್ತವೆ. ನಿಮಗೂ, ಮನೆಯ ಮಕ್ಕಳಿಗೂ.