ಆಟದ ಮೂಲಕ ಗಣಿತ ಕಲಿಕೆ

ಆಟದ ಮೂಲಕ ಗಣಿತ ಕಲಿಕೆ ಎಂಬುದು ಎಣಿಕೆ, ಸಂಖ್ಯೆಗಳ ಹೋಲಿಕೆ, ಸರಳ ಸಂಕಲನ-ವ್ಯವಕಲನ ಹಾಗೂ ಮಗ್ಗಿಗಳನ್ನು ಓಟ, ಜಿಗಿತ, ಎಸೆತ, ಚಪ್ಪಾಳೆ ಮೊದಲಾದ ಚಟುವಟಿಕೆಗಳಿಂದ ಚಿಕ್ಕ ಮಕ್ಕಳಿಗೆ ಕಲಿಸುವ ಬೋಧನಾ ಕ್ರಮವಾಗಿದೆ. ಇದನ್ನು ಮುಖ್ಯವಾಗಿ ಅಂಗನವಾಡಿ, ಶಿಶುವಿಹಾರ ಮತ್ತು ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಬಳಸಲಾಗುತ್ತದೆ.

ಹಿನ್ನೆಲೆ

ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಆಟವನ್ನೇ ಕೇಂದ್ರವಾಗಿಸಿಕೊಂಡ ಸಂಸ್ಥೆಯನ್ನು ಆರಂಭಿಸಿದನು. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂಬ ಹೆಸರು ಬಂದಿತು. ಆತ ರೂಪಿಸಿದ ಆಟಿಕೆಗಳಲ್ಲಿ ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಮರದ ಘನವೂ ಒಂದು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಕೈಯಿಂದ ಮುಟ್ಟಿ ಕಲಿಯುವ ಸಾಧನಗಳಿಗೆ ಪ್ರಾಧಾನ್ಯ ದೊರೆಯಿತು. ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು.

ಕರ್ನಾಟಕದಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯು ಹಾಡು, ಆಟ ಮತ್ತು ಕಲಿಕಾ ಕಾರ್ಡುಗಳನ್ನು ಸರ್ಕಾರಿ ಶಾಲೆಗಳಿಗೆ ತಂದಿತು. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ಇದಕ್ಕೆ ಪ್ರೇರಣೆಯಾಗಿತ್ತು.

ಕಲಿಕೆಯ ತತ್ವ

ಸಂಖ್ಯಾನಾಮಗಳನ್ನು ಬಾಯಿಪಾಠವಾಗಿ ಒಪ್ಪಿಸುವುದೂ ಎಣಿಸುವುದೂ ಒಂದೇ ಅಲ್ಲ. ಹತ್ತರವರೆಗೆ ತಪ್ಪಿಲ್ಲದೆ ಹೇಳುವ ಮಗು, ಐದು ಹುಣಸೆಬೀಜ ಕೊಡೆಂದರೆ ಒಂದು ಹಿಡಿ ಕೊಡಬಹುದು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗದು, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬ ಅರಿವುಗಳು ಎಣಿಕೆಗೆ ಅಗತ್ಯ. ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ವಿವರಿಸಿದ ಐದು ಎಣಿಕೆಯ ತತ್ವಗಳಲ್ಲಿ ಇವು ಸೇರಿವೆ. ಒಂದು ಜಿಗಿತಕ್ಕೆ ಒಂದು ಸಂಖ್ಯೆ ಹೇಳುವಾಗ ಮಗುವಿನ ದೇಹವೇ ಈ ಹೊಂದಾಣಿಕೆಯನ್ನು ಅಭ್ಯಾಸ ಮಾಡುತ್ತದೆ.

ಬಳಕೆಯಲ್ಲಿರುವ ಆಟಗಳು

ಸಂಖ್ಯಾರೇಖೆಯ ಜಿಗಿತ: ನೆಲದ ಮೇಲೆ 0ಯಿಂದ 10ರವರೆಗೆ ಮನೆಗಳನ್ನು ಬರೆಯಲಾಗುತ್ತದೆ. 4ರಲ್ಲಿ ನಿಂತ ಮಗು ಮೂರು ಹೆಜ್ಜೆ ಮುಂದೆ ಜಿಗಿದರೆ 7. ಹಿಂದಕ್ಕೆ ಜಿಗಿದರೆ 1. ನಿಂತ ಮನೆಯನ್ನೇ 'ಒಂದು' ಎಂದು ಎಣಿಸುವುದು ಇಲ್ಲಿ ಸಾಮಾನ್ಯ ತಪ್ಪು.

ಲಗೋರಿ: ಏಳು ಕಲ್ಲುಗಳಲ್ಲಿ ಬಿದ್ದವೆಷ್ಟು, ಉಳಿದವೆಷ್ಟು ಎಂದು ಕೇಳುವುದರಿಂದ 5+2, 4+3 ಮುಂತಾದ ಜೋಡಿಗಳು ಪರಿಚಯವಾಗುತ್ತವೆ.

ಚೆನ್ನೆಮಣೆ: ಹದಿನಾಲ್ಕು ಗುಳಿಗಳಿಗೆ ನಾಲ್ಕರಂತೆ ಬೀಜ ತುಂಬಿ ಆಡುವ ಕ್ರಮದಲ್ಲಿ ಒಟ್ಟು 56 ಬೀಜಗಳಿರುತ್ತವೆ. ಇದು ಕುಳಿತು ಆಡುವ ಆಟವಾದರೂ ಸಮಗುಂಪು ಮತ್ತು ಗುಣಾಕಾರಕ್ಕೆ ಉತ್ತಮ ಉದಾಹರಣೆಯಾಗಿದೆ.

ಅಧ್ಯಯನಗಳು

ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಆದಾಯದ ಕುಟುಂಬಗಳ ಮಕ್ಕಳು 1ರಿಂದ 10ರವರೆಗೆ ಅಂಕಿಗಳಿದ್ದ ನೇರಸಾಲಿನ ಹಲಗೆಯಾಟವನ್ನು ಸುಮಾರು ಒಂದು ಗಂಟೆಯಷ್ಟು ಆಡಿದ ಬಳಿಕ ಸಂಖ್ಯೆಗಳ ಪ್ರಮಾಣವನ್ನು ಹೆಚ್ಚು ನಿಖರವಾಗಿ ಗುರುತಿಸಿದರು. ಅಂಕಿಗಳ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಆಡಿದವರಲ್ಲಿ ಈ ಸುಧಾರಣೆ ಕಾಣಲಿಲ್ಲ.

ಮಿತಿಗಳು

ಚಲನೆ ಮತ್ತು ಗಣಿತದ ನಡುವೆ ನೇರ ಸಂಬಂಧವಿಲ್ಲದಿದ್ದರೆ ಆಟವು ಕೇವಲ ಮನರಂಜನೆಯಾಗಿ ಉಳಿಯುತ್ತದೆ. ಉತ್ತರ ಹೇಳಿ ಓಡುವ ಪಂದ್ಯಗಳಲ್ಲಿ ವೇಗದ ಮಕ್ಕಳೇ ಮುಂದಾಗಿ, ನಿಧಾನವಾಗಿ ಯೋಚಿಸುವವರು ಹಿಂಜರಿಯುವ ಸಾಧ್ಯತೆಯಿದೆ. ಓಡಲಾಗದ ಮಕ್ಕಳಿಗಾಗಿ ಕಾಯಿ ನಡೆಸುವ ಅಥವಾ ಚಪ್ಪಾಳೆ ತಟ್ಟುವ ರೂಪಗಳನ್ನು ಅಳವಡಿಸಬೇಕಾಗುತ್ತದೆ. ಆಟದ ನಂತರ ಅದೇ ಲೆಕ್ಕವನ್ನು ಮಾತಿನಲ್ಲಿ ಹೇಳಿಸಿ, ಅಂಕಿಗಳಲ್ಲಿ ಬರೆಯಿಸುವುದರಿಂದ ಅಂಗಳದ ಅನುಭವವು ಸ್ಲೇಟಿನ ಲೆಕ್ಕಕ್ಕೆ ಜೋಡಣೆಯಾಗುತ್ತದೆ.