ನೀರಿಲ್ಲದ ಚಳಿಗಾಲ: ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಗೆಡ್ಡೆ ಹೂಗಳ ನಿದ್ರೆ ಮತ್ತು ಅರಳುವಿಕೆ

ರಾಜಾಜಿನಗರದ ಹಳೆಯ ಮನೆಗಳ ಕಾಂಪೌಂಡ್ ಬುಡದಲ್ಲಿ ಕೆಂಪು ಲಿಲ್ಲಿಯ ಒಂದು ಸಾಲು ಇರುವುದು ಅಪರೂಪವೇನಲ್ಲ. ಅದಕ್ಕೆ ಯಾರೂ ವಿಶೇಷ ಆರೈಕೆ ಮಾಡುವುದಿಲ್ಲ. ಬೇಸಿಗೆಯ ಒಂದೆರಡು ಮಳೆ ಬಿದ್ದ ಮೇಲೆ ಹೆಬ್ಬೆರಳು ಗಾತ್ರದ ಟೊಳ್ಳು ದಂಟು ಎದ್ದು, ತುದಿಯಲ್ಲಿ ನಾಲ್ಕು ದೊಡ್ಡ ಹೂ ಬಿಟ್ಟು, ವಾರದೊಳಗೆ ಬಾಡಿಹೋಗುತ್ತದೆ. ನರ್ಸರಿಯವರು ಇದನ್ನು ಅಮರಿಲ್ಲಿಸ್ ಎನ್ನುತ್ತಾರೆ. ಶಾಸ್ತ್ರದ ಪ್ರಕಾರ ಇದು ದಕ್ಷಿಣ ಅಮೆರಿಕದ ಹಿಪಿಯಾಸ್ಟ್ರಮ್. ಅಮರಿಲ್ಲಿಸ್ ಎಂಬ ಕುಲನಾಮ ದಕ್ಷಿಣ ಆಫ್ರಿಕದ ಗಿಡಕ್ಕೇ ಸಲ್ಲಬೇಕೆಂದು 1987ರ ಬರ್ಲಿನ್ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ತೀರ್ಮಾನವಾಯಿತು. ಹೆಸರಿನ ಜಗಳ ಅಷ್ಟಕ್ಕೇ ಇರಲಿ. ಇದೇ ಗಿಡ ಯುರೋಪಿನ ಮನೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕಿಟಕಿಯಲ್ಲಿ ಅರಳುತ್ತದೆ. ನಮ್ಮಲ್ಲಿ ಬೇಸಿಗೆಯವರೆಗೆ ಏಕೆ ಕಾಯಬೇಕು, ಸಂಕ್ರಾಂತಿಗೆ ಅದನ್ನು ಅರಳಿಸಲು ಸಾಧ್ಯವೆ ಎಂಬುದು ಈ ಲೇಖನದ ಪ್ರಶ್ನೆ.

ಚಳಿಗಾಲದಲ್ಲಿ ಗೆಡ್ಡೆಯನ್ನು ಮನೆಯೊಳಗೆ ಬೆಳೆಸುವ ಪದ್ಧತಿ ಕತ್ತಲೆಯ ನಾಡುಗಳಲ್ಲಿ ಹುಟ್ಟಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಅದೇ ದಿನದ ಹಗಲು 11 ಗಂಟೆ 20 ನಿಮಿಷಕ್ಕೂ ಹೆಚ್ಚು. ಅಲ್ಲಿ ಹೆಪ್ಪುಗಟ್ಟುವ ಚಳಿಯಿಂದ ತಪ್ಪಿಸಲು ಕುಂಡವನ್ನು ಒಳಗೆ ತರುತ್ತಾರೆ. ನಮ್ಮಲ್ಲಿ ಆ ಚಳಿಯೇ ಇಲ್ಲ. ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇಂದಿನ ಡಿಸೆಂಬರ್, ಜನವರಿ ರಾತ್ರಿಗಳ ಸರಾಸರಿ 16 ಡಿಗ್ರಿ ಆಸುಪಾಸಿನಲ್ಲಿದೆ. 1889ರಲ್ಲಿ ಲಾಲ್‌ಬಾಗಿಗೆ ಬಂದ ಗಾಜಿನ ಮನೆ ಕೂಡ ಇದೇ ಕಥೆ ಹೇಳುತ್ತದೆ. ಯುರೋಪಿನಲ್ಲಿ ಗಿಡಗಳಿಗೆ ಬಿಸಿ ಹಿಡಿದಿಡಲು ಕಟ್ಟುತ್ತಿದ್ದ ಕಟ್ಟಡ ಇಲ್ಲಿ ಫಲಪುಷ್ಪ ಪ್ರದರ್ಶನದ ಅಂಗಣವಾಯಿತು.

ಟ್ಯೂಲಿಪ್‌ನ ವಿಷಯದಲ್ಲಿ ಈ ವ್ಯತ್ಯಾಸ ದುಬಾರಿಯಾಗುತ್ತದೆ. ಟ್ಯೂಲಿಪ್, ಹಯಸಿಂತ್ ಗೆಡ್ಡೆಗಳೊಳಗೆ ಹೂವಿನ ಅಂಗಗಳು ಯಾವ ತಾಪಮಾನದಲ್ಲಿ ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ನೆದರ್‌ಲ್ಯಾಂಡ್ಸಿನ ವಾಗೆನಿಂಗೆನ್‌ನಲ್ಲಿ ಬ್ಲಾವ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು. ಅಂಗಡಿಗೆ ಬರುವ ಹೊತ್ತಿಗೇ ಟ್ಯೂಲಿಪ್ ಗೆಡ್ಡೆಯಲ್ಲಿ ಹೂ ಪೂರ್ತಿಯಾಗಿ ರೂಪುಗೊಂಡಿರುತ್ತದೆ. ದಂಟು ಉದ್ದವಾಗಲು ಮಾತ್ರ ಅದಕ್ಕೆ 9 ಡಿಗ್ರಿಗಿಂತ ಕೆಳಗಿನ ಚಳಿ 12ರಿಂದ 16 ವಾರ ಸಿಗಬೇಕು. ಬೆಂಗಳೂರಿನಲ್ಲಿ ಅಂಥ ಚಳಿ ಇರುವ ಜಾಗ ಫ್ರಿಜ್ ಒಂದೇ. ಆದರೆ ಮಾಗುವ ಸೇಬು, ಬಾಳೆಹಣ್ಣುಗಳಿಂದ ಹೊಮ್ಮುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನೇ ಕೊಲ್ಲುತ್ತದೆ. ಮೂರು ತಿಂಗಳು ಕಾಪಾಡಿದ ಗೆಡ್ಡೆಯಲ್ಲಿ ಒಣಗಿದ ಮೊಗ್ಗು ಕಂಡವರು ಮಣ್ಣನ್ನು ದೂರುತ್ತಾರೆ. ತಪ್ಪು ಫ್ರಿಜ್‌ನ ಹಣ್ಣು–ತರಕಾರಿ ಡಬ್ಬದ್ದು. ಹೂ ಬಿಟ್ಟರೂ 27 ಡಿಗ್ರಿಯ ಹಗಲಿನಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ನಿಲ್ಲುವುದು ಕಷ್ಟ, ಮುಂದಿನ ವರ್ಷಕ್ಕೆ ಮರಿಗೆಡ್ಡೆಯೂ ಬಲಿಯುವುದಿಲ್ಲ. 2007ರಲ್ಲಿ ತೆರೆದ ಶ್ರೀನಗರದ ಟ್ಯೂಲಿಪ್ ಉದ್ಯಾನಕ್ಕೆ ಹೋಗಿ ನೋಡಿ ಬರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗೆಡ್ಡೆ ಎಂದರೆ ಮೂಲತಃ ಕೆಟ್ಟ ಕಾಲಕ್ಕೆಂದು ಕಟ್ಟಿಕೊಂಡ ಬುತ್ತಿ. ಟ್ಯೂಲಿಪ್‌ನಂಥ ಮಧ್ಯ ಏಷ್ಯಾದ ಗಿಡಗಳಿಗೆ ಹಿಮವೂ ಸೇರಿ ಕೆಟ್ಟ ಕಾಲ. ನಮ್ಮ ನೆಲದಲ್ಲಿ ಹೊಂದಿಕೊಂಡಿರುವ ಗೆಡ್ಡೆಗಳಿಗೆ ಕೆಟ್ಟ ಕಾಲವೆಂದರೆ ನೀರಿಲ್ಲದ ಕಾಲ. ಮಳೆ ಲಿಲ್ಲಿಯನ್ನು ನೋಡಿ: ಒಣಗಿದ ಕುಂಡಕ್ಕೆ ಒಂದು ಜೋರು ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹೂ. ಮೇ ಫ್ಲವರ್ ಎಂದು ಕರೆಯುವ, ಕೆಂಪು ಚೆಂಡಿನಂಥ ಸ್ಕಾಡಾಕ್ಸಸ್ ಆಫ್ರಿಕದಿಂದ ಬಂದದ್ದು. ಚಳಿಗಾಲದ ಒಣ ತಿಂಗಳುಗಳಲ್ಲಿ ಎಲೆಯೇ ಇಲ್ಲದೆ ಮಲಗಿ, ಬೇಸಿಗೆ ಮಳೆಗೆ ಏಳುತ್ತದೆ. ನಮ್ಮದೇ ಕಾಡಿನ ಗೌರಿ ಹೂವಿನ ಗೆಡ್ಡೆ ಬೇಸಿಗೆಯಲ್ಲಿ ಮಣ್ಣಿನಡಿ ಮಲಗಿದ್ದು, ಮಳೆಗೆ ಬಳ್ಳಿಯಾಗಿ ಹಬ್ಬಿ, ಗೌರಿ ಹಬ್ಬದ ಹೊತ್ತಿಗೆ ಹೂ ಬಿಡುವುದರಿಂದಲೇ ಆ ಹೆಸರು ಪಡೆದಿದೆ. ಇವಕ್ಕೆಲ್ಲ ಚಳಿಗಾಲದ ಕೆಲಸವನ್ನು ಬಾಯಾರಿಕೆಯೇ ಮಾಡುತ್ತದೆ.

ಹಿಪಿಯಾಸ್ಟ್ರಮ್ ಗೆಡ್ಡೆಯೊಂದನ್ನು ಉದ್ದಕ್ಕೆ ಸೀಳಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಈರುಳ್ಳಿಯಂತೆಯೇ ಪದರ ಪದರ. ಬುಡದಲ್ಲಿ ಗಟ್ಟಿಯಾದ ಬಿಲ್ಲೆ, ಅದರಿಂದ ಬೇರು. ಪದರಗಳ ನಡುವೆ ಅಲ್ಲಲ್ಲಿ ತೆಳು ಹಸಿರು ಛಾಯೆಯ ಚಪ್ಪಟೆ ಮೊಗ್ಗು, ಎರಡು ಪೊರೆಗಳೊಳಗೆ ಸುತ್ತಿಟ್ಟಂತೆ. ಹೊರಗಿನ ಮೊಗ್ಗು ದೊಡ್ಡದು, ಒಳಗಿನದು ಅಕ್ಕಿಕಾಳಿಗಿಂತ ಚಿಕ್ಕದು. ಈ ಗಿಡ ಸುಮಾರು ನಾಲ್ಕು ಎಲೆಗೊಂದರಂತೆ ಹೂಮೊಗ್ಗು ಕಟ್ಟುತ್ತ ಹೋಗುತ್ತದೆ, ಮತ್ತು ಒಂದು ಮೊಗ್ಗು ಹುಟ್ಟಿ ಹೊರಬರಲು ಸರಿಸುಮಾರು ಒಂದು ವರ್ಷ ಬೇಕು. ಅಂದರೆ ಈ ಸಂಕ್ರಾಂತಿಯ ಹೂ ಹೋದ ವರ್ಷವೇ ಗೆಡ್ಡೆಯೊಳಗೆ ಹುಟ್ಟಿದ್ದು, ಮುಂಗಾರಿನ ಎಲೆಗಳು ಅದಕ್ಕೆ ಊಟ ಕೊಟ್ಟಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು, ಗೊಬ್ಬರ ಸಿಗದೆ ಎರಡೇ ಎಲೆ ಬಿಟ್ಟ ಗಿಡದಿಂದ ಜನವರಿಯಲ್ಲಿ ಹೂ ನಿರೀಕ್ಷಿಸಬಾರದು. ಸದಾ ನೀರು ಹಾಕುತ್ತಿದ್ದರೂ ಗಿಡ ಯಾವಾಗಲೋ ಒಮ್ಮೆ ಹೂ ಬಿಟ್ಟೀತು. ಆದರೆ ತಯಾರಾಗಿರುವ ಮೊಗ್ಗು ನಾವು ಬಯಸಿದ ಕಾಲಕ್ಕೆ ಮೇಲೇಳಬೇಕಾದರೆ ಎಂಟು–ಹತ್ತು ವಾರದ ಒಣ ನಿದ್ರೆ ಬೇಕು.

ಬೆಂಗಳೂರಿನ ತೊಡಕು ಇರುವುದು ಇಲ್ಲಿ. ಸಂಕ್ರಾಂತಿಗೆ ಹೂ ಬೇಕಾದರೆ ನಿದ್ರೆ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗಬೇಕು. ಆದರೆ ನಮ್ಮ ನಗರಕ್ಕೆ ವರ್ಷದಲ್ಲೇ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗಿಡವನ್ನು ಒಣಗಿಸಬೇಕಾದ ಹೊತ್ತಿಗೇ ಆಕಾಶ ನೀರು ಸುರಿಯುತ್ತದೆ. ಹೊರಗಿನ ಸಾಲು ಲಿಲ್ಲಿಗೆ ನಿಜವಾದ ಒಣ ಕಾಲ ಸಿಗುವುದು ಡಿಸೆಂಬರ್‌ನಿಂದ. ಆದ್ದರಿಂದಲೇ ಅದು ಬೇಸಿಗೆ ಮಳೆಗೆ ಕಾಯುತ್ತದೆ. ಯುರೋಪಿನವರು ಗೆಡ್ಡೆಯನ್ನು ಚಳಿಗೆ ಹೆದರಿ ಒಳಗೆ ತಂದರೆ ನಾವು ಹಿಂಗಾರಿಗೆ ಹೆದರಿ ತರಬೇಕು. ಪಶ್ಚಿಮ ಬೆಂಗಳೂರಿನಲ್ಲಿ ಮನೆಯೊಳಗೆ ಗೆಡ್ಡೆ ಬೆಳೆಸುವುದಕ್ಕೆ ಇರುವ ಅರ್ಥ ಇದೇ ಎಂಬುದು ಈ ಲೇಖನದ ವಾದ.

ಕ್ರಮ ಹೀಗೆ. ಗೌರಿ–ಗಣೇಶ ಹಬ್ಬದ ಆಸುಪಾಸಿನಲ್ಲಿ ಕುಂಡವನ್ನು ಮೆಟ್ಟಿಲ ಕೆಳಗೋ ಯುಟಿಲಿಟಿಯಲ್ಲೋ ಮಳೆ ತಾಗದೆಡೆ ಇಟ್ಟು ನೀರು ಪೂರ್ತಿ ನಿಲ್ಲಿಸಬೇಕು. ಎಲೆ ಹಸಿರಿರುವಾಗ ಕತ್ತರಿಸಬಾರದು. ತಾನಾಗಿ ಹಳದಿಯಾಗಿ ಬಿದ್ದರೆ ಅದರ ಸಾರ ಗೆಡ್ಡೆಗೆ ಇಳಿಯುತ್ತದೆ. ಕಾರ್ತಿಕದ ಕೊನೆಯ ಸೋಮವಾರ, ಅತ್ತ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಶುರುವಾಗುವ ಹೊತ್ತಿಗೆ, ಗೆಡ್ಡೆಯ ಮೂರನೇ ಒಂದು ಭಾಗ ಮೇಲೆ ಕಾಣುವಂತೆ ಹೊಸ ಮಣ್ಣಿಗೆ ಕೂರಿಸಿ ಒಮ್ಮೆ ಚೆನ್ನಾಗಿ ನೀರು ಕೊಡಬೇಕು. ಕೆಂಪು ಮಣ್ಣು, ಮರಳು, ಕಳಿತ ಗೊಬ್ಬರ ಸಾಕು. ಮೊಳಕೆ ಕಾಣುವವರೆಗೆ ನೀರಿಗೆ ಅವಸರ ಬೇಡ. ಹೂದಂಟು ನಡುವಿನಿಂದ ಬಾರದೆ ಎಲೆಗಳ ಪಕ್ಕದಿಂದ, ದಪ್ಪ ಮೂತಿಯಾಗಿ ಇಣುಕುತ್ತದೆ. ಅಲ್ಲಿಂದ ಮುಂದೆ ದಿನದಿನಕ್ಕೂ ಬೆಳೆಯುವುದು ಕಣ್ಣಿಗೇ ಕಾಣುತ್ತದೆ. ನೀರು ಕೊಟ್ಟ ಆರೆಂಟು ವಾರಕ್ಕೆ ಹೂ.

ಬೆಳಕಿನ ಲೆಕ್ಕ ಪಶ್ಚಿಮ ಬೆಂಗಳೂರಿಗೇ ವಿಶೇಷ. ಡಿಸೆಂಬರ್ 21ರಂದು ಇಲ್ಲಿ ನಡುಹಗಲ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. 30 ಅಡಿ ಎತ್ತರದ ಎದುರು ಮನೆಯ ನೆರಳು ಆಗ ಸುಮಾರು 22 ಅಡಿ ಬೀಳುತ್ತದೆ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ 30 ಅಡಿ ರಸ್ತೆಗೆ ದಕ್ಷಿಣಾಭಿಮುಖವಾಗಿರುವ ಮನೆಯ ನೆಲಮಹಡಿ ಕಿಟಕಿಗೂ ಹಾಗಾಗಿ ಬಿಸಿಲು ಸಿಗುತ್ತದೆ. ಅದೇ ಎತ್ತರದ ಪಕ್ಕದ ಮನೆ ದಕ್ಷಿಣದಲ್ಲಿ ಐದಡಿ ಅಂತರದಲ್ಲಿದ್ದರೆ ಒಂದು ಕಿರಣವೂ ಇಳಿಯದು. 30–40ರ ಸೈಟುಗಳಲ್ಲಿ ಕುಂಡಕ್ಕೆ ಜಾಗ ರಸ್ತೆ ಕಡೆಯ ಕಿಟಕಿಯೇ. ಬೆಳಕು ಸಾಲದಿದ್ದರೆ ದಂಟು ಸೊರಗಿ ಉದ್ದವಾಗಿ ಹೂವಿನ ಭಾರಕ್ಕೆ ವಾಲುತ್ತದೆ.

ಎರಡು ಎಚ್ಚರಿಕೆ. ಲಿಲ್ಲಿಯ ಈ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷವಿದೆ, ಗೌರಿ ಹೂವಿನ ಗೆಡ್ಡೆಯಲ್ಲಿ ಇನ್ನೂ ಅಪಾಯಕರವಾದ ಕಾಲ್ಚಿಸಿನ್. ಲಿಲ್ಲಿ ಗೆಡ್ಡೆ ನೋಡಲು ಈರುಳ್ಳಿಯಂತಿರುವುದರಿಂದ ಒಣಗಲು ಇಟ್ಟದ್ದು ಅಡುಗೆಮನೆಯ ಬುಟ್ಟಿಯ ಹತ್ತಿರವೂ ಸುಳಿಯಬಾರದು. ನಾಯಿ, ಮಕ್ಕಳ ಕೈಗೂ ಎಟುಕಬಾರದು. ಇನ್ನೊಂದು, ಕಪ್ಪು ಮೈಮೇಲೆ ಬಿಳಿ ಚುಕ್ಕೆ–ಪಟ್ಟೆಗಳ ಲಿಲ್ಲಿ ಹುಳು. ಗಮನಿಸದೆ ಬಿಟ್ಟರೆ ಎಲೆ ಕೊರೆದು ಗೆಡ್ಡೆಗೆ ಇಳಿಯುತ್ತದೆ; ಕೈಯಿಂದ ಆರಿಸಿ ತೆಗೆಯುವುದೇ ಖಚಿತ ಉಪಾಯ.

ನಗರದ ಪಕ್ಕದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸುಗಂಧರಾಜದಲ್ಲಿ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್‌ನಂಥ ತಳಿಗಳನ್ನು ಕೊಟ್ಟಿದೆ. ಅವು ಹೊಲಕ್ಕೆ, ಮಾರುಕಟ್ಟೆಗೆ ಬೇಕಾದ ತಳಿಗಳು. ಇಡೀ ದಿನದ ಬಿಸಿಲು ಬೇಡುವ ಸುಗಂಧರಾಜ ಕಿಟಕಿಗೆ ಒಗ್ಗುವುದಿಲ್ಲ. ಮನೆಯ ಕುಂಡದ ಲಿಲ್ಲಿಗೆ ನಾವೇ ಲೆಕ್ಕ ಇಡಬೇಕು. ವ್ಯಾಪಾರಿ ಬೆಳೆಗಾರರು ಹಿಪಿಯಾಸ್ಟ್ರಮ್ ಗೆಡ್ಡೆಗಳನ್ನು 13 ಡಿಗ್ರಿಯಲ್ಲಿ ಮಲಗಿಸುತ್ತಾರೆ. ನಮ್ಮ ಅಕ್ಟೋಬರ್ ಕೋಣೆ ಅದಕ್ಕಿಂತ ಹತ್ತು ಡಿಗ್ರಿಯಾದರೂ ಬೆಚ್ಚಗೆ. ಹಾಗಾಗಿ ಹೂ ಒಂದೆರಡು ವಾರ ಆಚೀಚೆ ಆಗುತ್ತದೆ, ಕೆಂಗೇರಿಯ ಕಿಟಕಿಗೂ ರಾಜಾಜಿನಗರದ ಕಿಟಕಿಗೂ ವ್ಯತ್ಯಾಸ ಬರಬಹುದು. ಈ ಸೆಪ್ಟೆಂಬರ್‌ನಲ್ಲಿ ಕುಂಡ ಒಳಗಿಡುವ ಓದುಗರು ಮೂರು ದಿನಾಂಕಗಳನ್ನು ದಯವಿಟ್ಟು ಬರೆದಿಡಬೇಕು: ಕೊನೆಯ ನೀರು ಹಾಕಿದ ದಿನ, ಮತ್ತೆ ನೀರು ಕೊಟ್ಟ ದಿನ, ಮೊದಲ ಹೂ ಬಿಚ್ಚಿದ ದಿನ. ಕಿಟಕಿ ಯಾವ ದಿಕ್ಕಿಗಿದೆ ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.