ಹಿಖೋನಿನ ಕೊನೆಯ ಕ್ಷಣ: ರಿಯಲ್ ಸೊಸಿಯೆದಾದ್, 1980–81

ಬಾಸ್ಕ್ ನಾಡಿನ ಸಾನ್ ಸೆಬಾಸ್ಟಿಯನ್ ನಗರದ ರಿಯಲ್ ಸೊಸಿಯೆದಾದ್, ಹಣ್ಣು-ತರಕಾರಿ ಮಾರುಕಟ್ಟೆಗೆ ಅಂಟಿಕೊಂಡಿದ್ದ ಅತೋಚಾ ಎಂಬ ಇಕ್ಕಟ್ಟಾದ ಮೈದಾನದಲ್ಲಿ, ಸ್ಥಳೀಯ ಆಟಗಾರರನ್ನೇ ನೆಚ್ಚಿ ಆಡುತ್ತಿದ್ದ ತಂಡ. 1979–80ರಲ್ಲಿ ಸತತ 32 ಪಂದ್ಯಗಳಲ್ಲಿ ಸೋಲರಿಯದೆ ಬಂದು, ಸೆವಿಯಾದಲ್ಲಿ ಮುಗ್ಗರಿಸಿ, ಸ್ಪೇನಿನ ಅಗ್ರಶ್ರೇಣಿಯಾದ ಲಾ ಲಿಗಾದ ಪ್ರಶಸ್ತಿಯನ್ನು ರಿಯಲ್ ಮ್ಯಾಡ್ರಿಡ್‌ಗೆ ಬಿಟ್ಟುಕೊಟ್ಟಿದ್ದ ಅದಕ್ಕೆ, ಮರುವರ್ಷದ ಕೊನೆಯ ದಿನ ಒಂದು ಡ್ರಾ ಸಾಕಿತ್ತು.

1981ರ ಏಪ್ರಿಲ್ 26ರಂದು ಹಿಖೋನ್ ನಗರದ ಕೆಸರಂಗಳದಲ್ಲಿ ತಂಡ 1–2ರಿಂದ ಹಿಂದಿದ್ದಾಗ, ವಯ್ಯಾದೊಲಿದ್‌ನಲ್ಲಿ 3–1ರಿಂದ ಗೆದ್ದಿದ್ದ ಮ್ಯಾಡ್ರಿಡ್ ಆಟಗಾರರು ಸಂಭ್ರಮಕ್ಕೂ ಇಳಿದಿದ್ದರು. ಆ ಆತುರವನ್ನು ತೀರ ತಪ್ಪೆನ್ನಲಾಗದು. ಅಷ್ಟರಲ್ಲಿ ಸೊಸಿಯೆದಾದ್‌ನ ಹೆಸುಸ್ ಮರಿಯಾ ಸಮೋರಾ ಅಂತಿಮ ಕ್ಷಣದಲ್ಲಿ ಚೆಂಡನ್ನು ಗೋಲಿಗೆ ಅಟ್ಟಿದನು. ಗೆಲುವಿಗೆ 2 ಅಂಕ ನೀಡುತ್ತಿದ್ದ ಆ ಕಾಲದಲ್ಲಿ ಎರಡೂ ತಂಡಗಳು 45 ಅಂಕಗಳಲ್ಲಿ ನಿಂತವು. ಪರಸ್ಪರ ಪಂದ್ಯಗಳ ಗೋಲುಗಳನ್ನು ತೂಗಿನೋಡುವ ನಿಯಮದಂತೆ, ಮ್ಯಾಡ್ರಿಡ್ಡನ್ನು ಅತೋಚಾದಲ್ಲಿ 3–1ರಿಂದ ಮಣಿಸಿ ಅದರ ಊರಿನಲ್ಲಿ 0–1ರಿಂದ ಮಾತ್ರ ಸೋತಿದ್ದ ಸೊಸಿಯೆದಾದ್‌ಗೆ ಮೊದಲ ಲಿಗಾ ಪ್ರಶಸ್ತಿ ದಕ್ಕಿತು.